ಅಡುಗೆಮನೆ ಕಿಟಕಿಯ ಗಾಜು

ಬುಧವಾರ ಸಂಜೆ ಐದೂವರೆಗೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಇನ್ನೂ ಬಟ್ಟೆ ಅಂಗಡಿಯ ಚೀಲವಿತ್ತು. ಅದರಿಂದ ಹೊಸ ಉಣ್ಣೆ ಟೋಪಿಯೊಂದು ಇಣುಕುತ್ತಿತ್ತು. ಅವಳ ಹಿಂದೆ ಗಂಡ, ಗಂಡನ ಹಿಂದೆ ಹದಿನಾಲ್ಕು ವರ್ಷದ ಮಗಳು. ಕುರ್ಚಿ ತೋರಿಸಿದರೂ ಯಾರೂ ಕೂರಲಿಲ್ಲ.

“ಮನೇಲಿ ಕಳ್ತನ ಆಗಿದೆ ಸಾರ್. ಮೂರೂ ಪಾಸ್‌ಪೋರ್ಟ್ ಹೋಗಿವೆ. ಶುಕ್ರವಾರ ಬೆಳಿಗ್ಗೆ ನಮ್ಮ ವಿಮಾನ.”

ಇನ್ಸ್‌ಪೆಕ್ಟರಿಗೆ ಎರಡು ದಿನದಿಂದ ನೆಗಡಿ. ಮೂಗು ಒರೆಸಿಕೊಂಡು ಕೇಳಿದರು. “ಒಡವೆ?”

“ಪಾಸ್‌ಪೋರ್ಟ್ ಇದ್ದ ಬೀರುನಲ್ಲೇ ಇತ್ತು. ಮುಟ್ಟಿಲ್ಲ.”

“ದುಡ್ಡು?”

“ಅದೂ ಹಾಗೇ ಇದೆ.”

ಎಫ್‌ಐಆರ್ ಬರೆಯಲು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತಿದ. ನಿವೃತ್ತಿಗೆ ಹತ್ತಿರವಾಗಿದ್ದ ಅವನನ್ನು ಠಾಣೆಯಲ್ಲಿ ಎಲ್ಲರೂ ಅಜ್ಜ ಎನ್ನುತ್ತಿದ್ದರು. ಒಡವೆ ಬಿಟ್ಟು ಪಾಸ್‌ಪೋರ್ಟ್ ಒಯ್ದ ಕಳ್ಳನನ್ನು ಅಜ್ಜ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ದೂರು ಹೀಗಿತ್ತು. ಹೆಂಗಸು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಧ್ಯಾಹ್ನ ಎರಡಕ್ಕೆ ಮಗಳ ಜೊತೆ ಬೆಚ್ಚನೆಯ ಬಟ್ಟೆ ಕೊಳ್ಳಲು ಹೋಗಿದ್ದಳು. ಗಂಡ ಎರಡು ಬೀದಿ ಆಚೆ ತನ್ನ ಗಾಜು-ಫ್ರೇಮಿನ ಅಂಗಡಿಯಲ್ಲಿದ್ದ. ಐದಕ್ಕೆ ಮನೆಗೆ ಬಂದರೆ ಅಡುಗೆಮನೆಯ ಕಿಟಕಿಯ ಒಂದು ಗಾಜೇ ಇಲ್ಲ.

“ಯಾರ ಮೇಲಾದ್ರೂ ಅನುಮಾನ?”

“ನಮ್ಮ ಕಟ್ಟಡದ ವಾಚ್‌ಮನ್,” ಎಂದಳು ಹೆಂಗಸು. “ಹಿಂದೆ ಜೈಲಿಗೆ ಹೋಗಿ ಬಂದವನು. ಎಲ್ಲರಿಗೂ ಗೊತ್ತು.”

ಇನ್ಸ್‌ಪೆಕ್ಟರ್ ಗಂಡನತ್ತ ತಿರುಗಿದರು. “ನೀವೇನಂತೀರಿ?”

ಗಾಜಿನಂಗಡಿಯವನು ಮಗಳ ಕಡೆ ನೋಡಿದ, ಆಮೇಲೆ ಮೇಜಿನ ಕಡೆ. “ಇರಬಹುದು,” ಎಂದ.

ಆರೂಕಾಲಿಗೆ ಮನೆಗೆ ಹೋಗಿ ನೆರೆಯವರಿಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಶುರು ಮಾಡಿದರು. ನೆಲಮಹಡಿಯ ಸರಳಿಲ್ಲದ ಆ ಕಿಟಕಿ ಹಿಂದಿನ ಓಣಿಗೆ ತೆರೆಯುತ್ತಿತ್ತು. ತೆಗೆದ ಗಾಜು ಓಣಿಯ ಗೋಡೆಗೆ ಒರಗಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಅದರ ಬುಡಕ್ಕೆ ಗೋಣಿಚೀಲ ಮಡಚಿ ಹಾಕಿತ್ತು. ಗಾಜನ್ನು ಹಿಡಿದಿಡುವ ಮರದ ಪಟ್ಟಿಗಳು ಪಕ್ಕದಲ್ಲಿದ್ದವು.

“ಕಳ್ಳನಿಗೆ ಮರ್ಯಾದೆ ಜಾಸ್ತಿ ಸಾರ್,” ಎಂದ ಅಜ್ಜ. “ಗಾಜಿಗೆ ಹಾಸಿಗೆ ಹಾಸಿ ಹೋಗಿದ್ದಾನೆ.”

ಇನ್ಸ್‌ಪೆಕ್ಟರ್ ನಗಲಿಲ್ಲ. ಬೆಳಕು ಕಡಿಮೆಯಾಗುತ್ತಿತ್ತು. ಬೆರಳಚ್ಚು ತೆಗೆಸಿ, ವಾಚ್‌ಮನ್ನನ್ನು ಜೀಪು ಹತ್ತಿಸಿಕೊಂಡು ಹೊರಟರು. ಮೂರು ಮಹಡಿಯ ಬಾಲ್ಕನಿಗಳಲ್ಲೂ ಜನ ನಿಂತಿದ್ದರು. ನಾಟಕ ನೋಡಲು ನಮ್ಮ ಜನರನ್ನು ಯಾರೂ ಕರೆಯಬೇಕಿಲ್ಲ.

ಠಾಣೆಯಲ್ಲಿ ಕೊಟ್ಟ ಚಹಾವನ್ನು ವಾಚ್‌ಮನ್ ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದ. ಐವತ್ತು ದಾಟಿದ ಮನುಷ್ಯ.

“ಮಧ್ಯಾಹ್ನ ಎಲ್ಲಿದ್ದೆ?”

“ಗೇಟಲ್ಲೇ ಸಾರ್. ಮಧ್ಯದಲ್ಲಿ ಪಂಪ್ ಹಾಕೋಕೆ ಹೋಗಿದ್ದೆ.”

“ನೋಡಿದವರು?”

“ಯಾರು ನೋಡ್ತಾರೆ ಸಾರ್, ಪಂಪ್ ಹಾಕೋದನ್ನ?”

“ಹಳೇ ಕೇಸೇನು?”

“ಹೊಡೆದಾಟ. ಎರಡು ವರ್ಷ ಒಳಗಿದ್ದೆ. ಕೆಲ್ಸಕ್ಕೆ ಸೇರೋವಾಗ ನಾನೇ ಹೇಳಿದೆ ಸಾರ್, ಮುಚ್ಚಿಟ್ರೆ ತಪ್ಪು ಅಂತ.” ಲೋಟ ಕೆಳಗಿಟ್ಟ. “ಹೇಳಿದ್ದೇ ತಪ್ಪಾಯ್ತೇನೋ. ಮತ್ತೆ ಒಳಗೆ ಹಾಕ್ಬೇಡಿ ಸಾರ್. ಈ ಸಲ ನಂಗೆ ತಡೆಯೋಕೆ ಆಗಲ್ಲ.”

ಅವನು ಅಳಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದ, ಯಾರಾದರೂ ಬಂದು ಚಿಲಕ ಹಾಕುತ್ತಾರೇನೋ ಎಂಬಂತೆ. ಇನ್ಸ್‌ಪೆಕ್ಟರಿಗೆ ಆ ನೋಟ ಹಿಡಿಸಲಿಲ್ಲ. ಆದರೂ ವಿಚಾರಣೆಗೆಂದು ಉಳಿಸಿಕೊಂಡರು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವರು ಅಜ್ಜನ ಜೊತೆ ಮತ್ತೆ ಓಣಿಗೆ ಹೋದರು. ಸಂಜೆ ಕಾಣದ್ದು ಬೆಳಗಿನ ಬಿಸಿಲಲ್ಲಿ ಕಾಣಿಸಿತು. ಚೌಕಟ್ಟಿನ ಹೊರಮೈ ನುಣ್ಣಗಿತ್ತು. ಮೊಳೆಯ ತೂತುಗಳಿದ್ದದ್ದು ಒಳಮೈಯಲ್ಲಿ. ಅಕ್ಕಪಕ್ಕದ ಮನೆಗಳ ಕಿಟಕಿಗಳನ್ನೂ ನೋಡಿದರು. ಅವಕ್ಕೆಲ್ಲ ಪಟ್ಟಿ ಹೊರಗಡೆಯೇ ಇತ್ತು.

“ಅಜ್ಜ, ಹೊರಗೆ ನಿಂತು ಈ ಪಕ್ಕದ ಗಾಜು ತೆಗಿ ನೋಡೋಣ.”

ಅಜ್ಜ ಪಕ್ಕದಲ್ಲಿ ಉಳಿದಿದ್ದ ಇನ್ನೊಂದು ಗಾಜಿನ ಅಂಚನ್ನು ಉಗುರಿನಲ್ಲಿ ತಡವಿದ. ಹಿಡಿಯಲು ಏನೂ ಸಿಗಲಿಲ್ಲ. “ಆಗಲ್ಲ ಸಾರ್. ಒಡೀಬೇಕು, ಇಲ್ಲಾಂದ್ರೆ ಒಳಗಡೆ ನಿಂತು ಬಿಚ್ಚಬೇಕು.” ಕೈ ಒರೆಸಿಕೊಂಡು, “ಬೇಲಿನೇ ಎದ್ದು ಹೊಲ ಮೇಯ್ದಿದೆ,” ಎಂದ.

ಅಂಗಡಿಯಲ್ಲಿ ಗಾಜಿನವನು ಅಳತೆ ಪಟ್ಟಿ ಇಟ್ಟು ಕನ್ನಡಿಯೊಂದನ್ನು ಕೊಯ್ಯುತ್ತಿದ್ದ. ಬಾಗಿಲಲ್ಲಿ ಖಾಕಿ ಕಂಡಾಗ ಕೈ ಜಾರಿತು, ಕನ್ನಡಿ ಅಡ್ಡಾದಿಡ್ಡಿಯಾಗಿ ಸೀಳಿತು. ಮೇಜಿನ ಮೇಲೆ ಕಿತ್ತ ಮೊಳೆಗಳು ಡಬ್ಬಿಯ ಮುಚ್ಚಳವೊಂದರಲ್ಲಿದ್ದವು. ಗೋಡೆಗೊರಗಿದ ಒಂದೊಂದು ಗಾಜಿನ ಬುಡಕ್ಕೂ ಮಡಚಿದ ಗೋಣಿಚೀಲ.

“ನಿಮ್ಮನೆ ಕಿಟಕಿಗೆ ಗಾಜು ಹಾಕಿದ್ದು ಯಾರು?”

“ನಾನೇ ಸಾರ್.”

“ಎಲ್ಲರೂ ಪಟ್ಟಿ ಹೊರಗಡೆ ಹೊಡೀತಾರೆ. ನೀವು ಒಳಗಡೆ ಹೊಡ್ದಿದ್ದೀರಿ.”

“ಹೊರಗಿದ್ರೆ ಯಾರು ಬೇಕಾದ್ರೂ ಕಿತ್ತು ಗಾಜು ಇಳಿಸಬಹುದು. ನನ್ನ ಗಿರಾಕಿಗಳಿಗೂ ಒಳಗಡೆನೇ ಹಾಕ್ಕೊಡೋದು. ಒಳಗಿದ್ರೆ, ಮನೆ ಒಳಗಿರೋನೇ…”

ಅಲ್ಲಿಗೆ ಮಾತು ನಿಂತಿತು.

“ಹೇಳಿ. ನಿಲ್ಲಿಸಿದ್ಯಾಕೆ?” ಇನ್ಸ್‌ಪೆಕ್ಟರ್ ಸ್ಟೂಲು ಎಳೆದು ಕೂತರು. “ವಾಚ್‌ಮನ್ ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ. ಬಾಗಿಲನ್ನೇ ನೋಡ್ತಾ ಕೂತಿದ್ದಾನೆ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ,” ಎಂದ ಅಜ್ಜ, ಯಾರನ್ನೂ ನೋಡದೆ.

ಗಾಜಿನವನು ಎರಡೂ ಕೈ ಮೇಜಿನ ಮೇಲೆ ಊರಿದ. “ಆ ನೋಟ ನಂಗೊತ್ತು ಸಾರ್. ನಾನೂ ಹಾಗೇ ಕೂತಿದ್ದೆ.”

ಇಪ್ಪತ್ತೊಂದನೇ ವಯಸ್ಸಿನಲ್ಲಿ, ದೂರದ ಬೇರೆ ಊರಿನಲ್ಲಿ, ಇಬ್ಬರು ಗೆಳೆಯರ ಜೊತೆ ರೇಡಿಯೋ ಅಂಗಡಿಯೊಂದರ ಗಾಜು ಇಳಿಸಿ ಕಳ್ಳತನ ಮಾಡಿದ್ದ. ಪಟ್ಟಿ ಹೊರಗಿತ್ತು, ಸುಲಭವಾಯಿತು. ಹನ್ನೊಂದು ತಿಂಗಳು ಜೈಲು. ಹೊರಗೆ ಬಂದವನು ಊರು ಬಿಟ್ಟ, ಕೆಲಸ ಹಿಡಿದ, ಮದುವೆಯಾದ. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸರು ಈ ಊರಿನ ದಾಖಲೆ ಮಾತ್ರ ನೋಡಿ ಸಹಿ ಹಾಕಿದ್ದರು. ಇನ್ಸ್‌ಪೆಕ್ಟರ್ ಇಲ್ಲಿ ಸ್ವಲ್ಪ ಕೆಮ್ಮಿದರು.

“ವೀಸಾ ಅರ್ಜಿ?”

“ಟ್ರಾವೆಲ್ ಏಜೆಂಟೇ ತುಂಬಿದ್ದ. ಶಿಕ್ಷೆ ಆಗಿದೆಯಾ ಅನ್ನೋ ಕಡೆ ‘ಇಲ್ಲ’ ಅಂತ ಹಾಕಿ ಸಹಿ ಮಾಡಿ ಅಂದ. ಪಕ್ಕದಲ್ಲಿ ಹೆಂಡ್ತಿ ಮಗಳು ಕೂತಿದ್ರು. ಮಾಡ್ದೆ. ಮೊನ್ನೆ ಟಿಕೆಟ್ ಕೊಡೋವಾಗ ಅವನೇ ನಗ್ತಾ ಹೇಳ್ದ, ಅಲ್ಲಿ ಇಳಿದ ತಕ್ಷಣ ಬೆರಳು ಇಡ್ಬೇಕು, ತಾತನ ಕಾಲದ್ದೂ ಆಚೆ ಬರುತ್ತೆ ಅಂತ. ಅವತ್ತಿಂದ ನಿದ್ದೆ ಇಲ್ಲ ಸಾರ್. ಕಣ್ಮುಚ್ಚಿದ್ರೆ ಸಾಲು ಕಾಣುತ್ತೆ. ಮುಂದೆ ಮಗಳು, ಹಿಂದೆ ನಾನು. ಯಾರೋ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೀತಾರೆ. ಅವಳು ತಿರುಗಿ ನೋಡ್ತಾಳೆ.”

“ಹುಷಾರಿಲ್ಲ ಅಂತ ಮಲಗಬಹುದಿತ್ತಲ್ಲ.”

“ಜ್ವರ ವಾಸಿ ಆಗುತ್ತಲ್ಲ ಸಾರ್. ಮಗಳು ಅಪ್ಪ ಇಲ್ದೆ ಹೋಗಲ್ಲ, ಮುಂದಿನ ವರ್ಷ ಹೋಗೋಣ ಅಂತಾಳೆ. ಮುಂದಿನ ವರ್ಷನೂ ಬೆರಳಿಡೋ ಆ ಕೌಂಟರ್ ಅಲ್ಲೇ ಇರುತ್ತೆ. ಪಾಸ್‌ಪೋರ್ಟೇ ಕಳವಾದ್ರೆ ವೀಸಾನೂ ಹೋಗುತ್ತೆ, ಇವರೇ ಆಸೆ ಬಿಡ್ತಾರೆ ಅಂದ್ಕೊಂಡೆ.”

“ಗಾಜು ಒಡೆದಿದ್ರೆ ನಾವು ನಂಬ್ತಿದ್ವೇನೋ.”

“ಕಲ್ಲು ಎತ್ಕೊಂಡಿದ್ದೆ. ಕೈ ಬರ್ಲಿಲ್ಲ. ಮಗಳು ಹುಟ್ಟಿದ ವರ್ಷ ಹಾಕಿದ ಗಾಜು ಅದು.”

ತನ್ನ ಮನೆಗೆ ತಾನೇ ಕನ್ನ ಹಾಕುವವನಿಗೆ ಇಷ್ಟು ಮಮಕಾರ ಇರಬಾರದು. ಗೋಡೆಗೆ ತೂಗುಹಾಕಿದ್ದ ದೊಡ್ಡ ಕನ್ನಡಿಯೊಂದನ್ನು ಅವನೇ ಇಳಿಸಿ ಹಿಂದಿನ ಹಲಗೆ ಬಿಚ್ಚಿದ. ಮೂರು ಪಾಸ್‌ಪೋರ್ಟುಗಳು ಅಲ್ಲಿದ್ದವು. ಹತ್ತೂವರೆಗೆ ಜಪ್ತಿ ಪಂಚನಾಮೆ ಮುಗಿಯಿತು. ಸುಳ್ಳು ಮಾಹಿತಿ ನೀಡಿದ್ದು, ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದು ಎಂದು ಬರೆದುಕೊಂಡು ಬಂಧಿಸಿದರು.

“ಮನೆ ಮುಂದೆ ಜೀಪು ಹೋಗೋದು ಬೇಡ ಸಾರ್,” ಎಂದ. “ಮಗಳು ಕಿಟಕಿ ಹತ್ರ ಕೂತಿರ್ತಾಳೆ.” ಇನ್ಸ್‌ಪೆಕ್ಟರ್ ಡ್ರೈವರಿಗೆ ಸುತ್ತು ದಾರಿ ಹಿಡಿಯಲು ಹೇಳಿದರು.

ಸುದ್ದಿ ಕಳಿಸಿದ ಮೇಲೆ ಹೆಂಡತಿ ಬಂದಳು. ಪಾಸ್‌ಪೋರ್ಟ್ ಸಿಕ್ಕಿದ್ದನ್ನೂ ಎಲ್ಲಿ ಸಿಕ್ಕಿತೆಂಬುದನ್ನೂ ಕೇಳಿದಳು. ಹಳೆಯ ಕೇಸಿನ ವಿಷಯಕ್ಕೆ ಬಂದಾಗ ಅವಳ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

“ಅದು ನಂಗೊತ್ತು ಸಾರ್. ಮದುವೆಗೆ ಮುಂಚೆನೇ ಅತ್ತೆ ಹೇಳಿದ್ರು. ಇವರಾಗಿ ಹೇಳ್ಲಿ ಅಂತ ಸುಮ್ನಿದ್ದೆ. ಇವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಒಳ್ಳೆ ಮನುಷ್ಯ, ಕೆದಕೋದ್ಯಾಕೆ ಅಂತ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. “ಜೈಲಿಗೆ ಹೋದವನೂ ಒಳ್ಳೆಯವನಾಗಿರ್ತಾನೆ ಅಂತ ನಿಮಗೆ ಗೊತ್ತಿತ್ತು. ಮತ್ತೆ ವಾಚ್‌ಮನ್ ಹೆಸರು ಯಾಕಮ್ಮ ಹೇಳಿದ್ರಿ?”

“ನಮ್ಮನೆಯವರು ಬೇರೆ, ಅವನು ಬೇರೆ ಅಂದ್ಕೊಂಡಿದ್ದೆ,” ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ವಾಚ್‌ಮನ್ನಿಗೆ ಹೋಗಬಹುದು ಎಂದರೆ ಅವನು ಎದ್ದ, ಹೋಗಲಿಲ್ಲ.

“ಬಸ್ಸಿಗೆ ಚಿಲ್ಲರೆ ಬೇಕಾ?” ಎಂದ ಅಜ್ಜ.

“ಬೇಡ. ಜೀಪಲ್ಲಿ ಕರ್ಕೊಂಡು ಬಂದ್ರಿ, ಜೀಪಲ್ಲೇ ಬಿಡಿ. ಗೇಟ್ ತನಕ.” ಅವನು ಅಂಗಿಯ ಗುಂಡಿ ಹಾಕಿಕೊಂಡ. “ಕರ್ಕೊಂಡು ಹೋಗಿದ್ದನ್ನ ಎಲ್ಲರೂ ನೋಡಿದ್ದಾರೆ ಸಾರ್. ಬಿಟ್ಟಿದ್ದನ್ನೂ ನೋಡ್ಲಿ.”

ಇನ್ಸ್‌ಪೆಕ್ಟರ್ ತಾವೇ ಹೋದರು. ಗೇಟಿನ ಮುಂದೆ ಹಾರ್ನ್ ಹೊಡೆಸಿದರು. ಬಾಲ್ಕನಿಗಳಲ್ಲಿ ತಲೆಗಳು ಕಂಡ ಮೇಲೆ ಇಳಿದು, ವಾಚ್‌ಮನ್ನಿನ ಕಡೆಯ ಬಾಗಿಲು ತೆಗೆದು, ಕೈ ಹಿಡಿದು ಇಳಿಸಿಕೊಂಡರು. ವಾಚ್‌ಮನ್ ಯಾರನ್ನೂ ನೋಡದೆ ಸೀದಾ ಪಂಪಿನ ಕಡೆ ಹೋದ. ಟ್ಯಾಂಕಿಗೆ ನೀರು ಏರಿಸುವ ಹೊತ್ತಾಗಿತ್ತು.

ಇನ್ಸ್‌ಪೆಕ್ಟರ್ ಠಾಣೆಗೆ ಮರಳುವಾಗ ಗಾಜಿನವನು ಲಾಕಪ್ಪಿನ ಸರಳು ಹಿಡಿದು ನಿಂತಿದ್ದ. ಏಜೆಂಟನ್ನು ಅಷ್ಟರಲ್ಲಿ ಅಜ್ಜ ಫೋನಿನಲ್ಲಿ ವಿಚಾರಿಸಿದ್ದ. ಅಷ್ಟು ಹಳೆಯ ಕೇಸು, ಮೊದಲೇ ಹೇಳಿ ತೀರ್ಪಿನ ಪ್ರತಿ ಲಗತ್ತಿಸಿದ್ದರೆ ವೀಸಾ ಬಹುಶಃ ಸಿಗುತ್ತಿತ್ತು ಅಂದನಂತೆ. ಅದನ್ನು ಈಗ ಇವನಿಗೆ ಹೇಳಿ ಏನು ಪ್ರಯೋಜನ ಎಂದು ಇನ್ಸ್‌ಪೆಕ್ಟರ್ ಸುಮ್ಮನಿದ್ದರು.

“ನನ್ನ ಮಗಳಿಗೆ ಗೊತ್ತಾಯ್ತಾ ಸಾರ್?”

“ಆಯ್ತು. ಅಮ್ಮನ ಜೊತೆನೇ ಬಂದಿದ್ಲು. ನಿನ್ನ ಲಾಕಪ್ ಒಳಗೆ ಕರ್ಕೊಂಡು ಹೋಗಿದ್ದನ್ನೂ ಬಾಗಿಲಿಂದ ನೋಡಿದ್ಲು.”

ಅವನು ಸರಳಿಗೆ ಹಣೆ ಆನಿಸಿದ. ಎಷ್ಟೋ ವರ್ಷಗಳಿಂದ ಹೆದರುತ್ತಿದ್ದದ್ದು ಆಗಿಯೇ ಹೋಗಿತ್ತು.

“ಈಗೆಲ್ಲಿದ್ದಾಳೆ?”

“ಹೊರಗೆ ಬೆಂಚ್ ಮೇಲೆ ಕೂತಿದ್ದಾಳೆ,” ಎಂದರು ಇನ್ಸ್‌ಪೆಕ್ಟರ್. “ಮನೆಗೆ ಹೋಗಮ್ಮ ಅಂತ ಎಲ್ಲರೂ ಹೇಳಿ ಆಯ್ತು. ಅಪ್ಪ ಇಲ್ದೆ ಹೋಗಲ್ಲ ಅಂತಾಳೆ.”