ಕಡವಿನ ಕಂಚಿನ ತಲೆ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೇಮಾವಳಿ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಕೆನ್ನದಿ ಹರಿಯುತ್ತಿತ್ತು. ಜನರನ್ನು ದೋಣಿಯಲ್ಲಿ ದಾಟಿಸಲು ರಾಜನದೇ ಒಂದು ಕಡವು ಇತ್ತು. ಅದರ ಅಧಿಕಾರಿ ನಾಗರಸ.

ನಾಗರಸ ಮೊದಲು ಒಳ್ಳೆಯವನೇ. ದಿನಾ ದಡಕ್ಕೆ ಬರುತ್ತಿದ್ದ, ನೀರು ನೋಡುತ್ತಿದ್ದ, ಅಂಬಿಗರ ಮುಖ ನೋಡುತ್ತಿದ್ದ, ಆಮೇಲೆ ಯಾರು ಹೋಗಬೇಕೆಂದು ಹೇಳುತ್ತಿದ್ದ. ಹೀಗಿರುವಾಗ ಧೂಮ್ರಜಟಿ ಎಂಬ ಮಾಂತ್ರಿಕ ರಾಜನಿಗೆ ಒಂದು ಕಂಚಿನ ತಲೆ ಕೊಟ್ಟ. ಆ ತಲೆ ಮಾತಾಡುತ್ತಿತ್ತು. ಯಾವ ದೋಣಿ ಹೋಗಬೇಕು, ಯಾರು ಹುಟ್ಟು ಹಾಕಬೇಕು, ಯಾರು ಸೋಮಾರಿ, ಎಲ್ಲವನ್ನೂ ಕ್ಷಣದಲ್ಲಿ ಹೇಳುತ್ತಿತ್ತು. ರಾಜ ಅದನ್ನು ಕಡವಿಗೆ ಕಳಿಸಿದ. ಅಂದಿನಿಂದ ನಾಗರಸ ಪರದೆಯ ಹಿಂದೆ ಕೂತ. ತಲೆ ಹೇಳಿದ್ದನ್ನು ಕೂಗಿ ಹೇಳುವುದಷ್ಟೇ ಅವನ ಕೆಲಸವಾಯಿತು.

ಒಂದು ಮಳೆಗಾಲ, ಜ್ವರದಿಂದ ನಡುಗುತ್ತಿದ್ದ ಅಂಬಿಗ ಕಾಳಯ್ಯನನ್ನು ತುಂಬಿದ ಹೊಳೆಗೆ ತಲೆ ಕಳಿಸಿತು. ದೋಣಿ ಮಗುಚಿತು. ಕಾಳಯ್ಯನ ಹೆಣವೂ ಸಿಗಲಿಲ್ಲ.

ಕಾಳಯ್ಯನ ಮಗಳು ಸಂಕವ್ವ. ಅವಳೂ ಅದೇ ಕಡವಿನಲ್ಲಿ ಹುಟ್ಟು ಹಾಕುವವಳು. ಅಪ್ಪನನ್ನು ಕಳಿಸಿದ್ದು ಯಾಕೆಂದು ಕೇಳಲು ಹೋದಳು. ಪರದೆಯ ಹಿಂದಿನಿಂದಲೇ ನಾಗರಸ ಹೇಳಿದ: “ನಾನಲ್ಲಮ್ಮ. ತಲೆ ಹೇಳಿತು.”

ಸಂಕವ್ವ ಅಳಲಿಲ್ಲ. ತಲೆಯನ್ನು ಮಾಡಿದವನನ್ನೇ ಕೇಳುತ್ತೇನೆಂದು ಹುಟ್ಟನ್ನು ಹೆಗಲಿಗೇರಿಸಿ ಮಾಂತ್ರಿಕನ ಬೆಟ್ಟ ಹತ್ತಿದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ ಬಾಯಿ ತೆರೆದು ನಿಂತಿತ್ತು. ಬಂದವರನ್ನು ತಿನ್ನಬೇಕೆಂದು ತನಗೆ ಅಪ್ಪಣೆಯಾಗಿದೆ ಎಂದಿತು. “ನಿನಗೆ ಹಸಿವಾಗಿದೆಯಾ?” ಎಂದು ಸಂಕವ್ವ ಕೇಳಿದಳು. ಹುಲಿಯನ್ನು ಯಾರೂ ಹಾಗೆ ಕೇಳಿರಲಿಲ್ಲ. ಅದು ಯೋಚಿಸಿತು. ಹಸಿವಿರಲಿಲ್ಲ. ಬಾಯಿ ಮುಚ್ಚಿ ಮಲಗಿತು.

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಹದ್ದು ರೆಕ್ಕೆ ಹರಡಿ ಕೂತಿತ್ತು. ಬಂದವರ ಕಣ್ಣು ಕೀಳಬೇಕೆಂದು ತನಗೆ ಅಪ್ಪಣೆಯಾಗಿದೆ ಎಂದಿತು. “ನಾನು ನಿನಗೆ ಏನು ಮಾಡಿದ್ದೇನೆ?” ಎಂದು ಸಂಕವ್ವ ಕೇಳಿದಳು. ಹದ್ದು ಯೋಚಿಸಿತು. ಅವಳು ಏನೂ ಮಾಡಿರಲಿಲ್ಲ. ರೆಕ್ಕೆ ಮಡಚಿ ಮುಖ ತಿರುಗಿಸಿತು.

ಮೂರನೆಯ ಬಾಗಿಲಲ್ಲಿ ಒಂದು ಸರ್ಪ. ಅದು ಬುದ್ಧಿವಂತ ಸರ್ಪ. ಸಂಕವ್ವ ಕೇಳುವ ಮೊದಲೇ ನಯವಾಗಿ ಹೇಳಿತು: “ಇದು ತಪ್ಪೆಂದು ನನಗೆ ಗೊತ್ತು. ಆದರೆ ನಾನು ಕಚ್ಚದಿದ್ದರೆ ಈ ಜಾಗಕ್ಕೆ ಇನ್ನೊಂದು ಸರ್ಪ ಬರುತ್ತದೆ. ಕಚ್ಚುವುದಂತೂ ತಪ್ಪುವುದಿಲ್ಲ. ನೀನೇ ಅರ್ಥ ಮಾಡಿಕೋ.”

ಹುಲಿಯ ಮೇಲೆ ಬಾರದ ಸಿಟ್ಟು, ಹದ್ದಿನ ಮೇಲೆ ಬಾರದ ಸಿಟ್ಟು, ಈಗ ನೆತ್ತಿಗೇರಿತು. ಸಂಕವ್ವ ಹುಟ್ಟೆತ್ತಿ ಹೊಡೆದಳು. ಸರ್ಪ ಸತ್ತ ಮೇಲೂ ಹೊಡೆದಳು.

ಒಳಗೆ ಧೂಮ್ರಜಟಿ ನಗುತ್ತಾ ಕೂತಿದ್ದ. ತಲೆಗೆ ಸ್ವಂತ ಪಾಪವೂ ಇಲ್ಲ, ಪುಣ್ಯವೂ ಇಲ್ಲ ಎಂದ. ‘ನಾನಲ್ಲ, ತಲೆ ಹೇಳಿತು’ ಎಂದು ಯಾರಾದರೂ ಅಂದಾಗಲೆಲ್ಲ ಅದರ ಬಲ ಹೆಚ್ಚುತ್ತದೆ, ತಲೆಯ ಬಲದಿಂದಲೇ ತನ್ನ ಉಸಿರೂ ನಡೆಯುತ್ತದೆ ಎಂದ. ತಲೆಯನ್ನು ಒಡೆಯುವ ದಾರಿಯನ್ನೂ ಮುಚ್ಚಿಡಲಿಲ್ಲ. “ಅಧಿಕಾರಿಯಾದವನು ‘ನಾನೇ ಮಾಡಿದೆ’ ಅನ್ನಬೇಕು. ನಿಮ್ಮ ರಾಜ್ಯದಲ್ಲಿ ಯಾರು ಅನ್ನುತ್ತಾರೆ, ಹೇಳು?”

ಸಂಕವ್ವ ಓಡುತ್ತಾ ಬೆಟ್ಟ ಇಳಿದಳು.

ಕಡವಿನಲ್ಲಿ ಕೆನ್ನದಿ ದಡ ಮೀರಿ ಮೊರೆಯುತ್ತಿತ್ತು. ಅರಮನೆಯ ಮದುವೆಯ ಸಾಮಾನು ಆ ದಡಕ್ಕೆ ಹೋಗಬೇಕಿತ್ತು. ಎಲ್ಲಾ ದೋಣಿಗಳೂ ಹೊರಡಲಿ ಎಂದು ತಲೆ ನುಡಿದಿತ್ತು. ನಾಗರಸ ಅದನ್ನೇ ಕೂಗಿದ್ದ. ಅಂಬಿಗರು ತುಟಿ ಬಿಗಿದು ಹಗ್ಗ ಬಿಚ್ಚುತ್ತಿದ್ದರು. ಸಂಕವ್ವ ನೇರ ಹೋಗಿ ಪರದೆ ಹರಿದೆಸೆದಳು.

“ತಲೆಯ ಮಾತು ಬೇಡ, ನಾಗರಸರೇ. ಇವರ ಮುಖ ನೋಡಿ, ನಾನು ಕಳಿಸುತ್ತಿದ್ದೇನೆ ಅಂತ ನಿಮ್ಮ ಬಾಯಲ್ಲೇ ಹೇಳಿ. ನಾವು ಹೊರಡುತ್ತೇವೆ.”

ನಾಗರಸ ನೀರು ನೋಡಿದ. ಅದು ಇಷ್ಟು ಏರಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಒಬ್ಬೊಬ್ಬರ ಮುಖ ನೋಡಿದ. ಕಡೆಗೆ, ಕಳಿಸಲಾರೆ ಎಂದ. ಕಂಚಿನ ಹಣೆಯ ಮೇಲೆ ಒಂದು ಬಿರುಕು ಮೂಡಿತು.

“ನನ್ನಪ್ಪನನ್ನು?”

ನಾಗರಸ ಅವಳತ್ತ ತಿರುಗಿದ. “ನಾನೇ ಕಳಿಸಿದೆ. ಜ್ವರವಿದೆಯೆಂದು ಅವನು ಬಂದು ಹೇಳಿದ್ದ. ಆದರೂ ನಾನೇ ಕಳಿಸಿದೆ.”

ತಲೆ ಎರಡು ಹೋಳಾಗಿ ಉರುಳಿತು. ಒಳಗೆ ಏನೂ ಇರಲಿಲ್ಲ. ಅದೇ ಗಳಿಗೆಯಲ್ಲಿ ಬೆಟ್ಟದ ಮೇಲೆ ಧೂಮ್ರಜಟಿ ಹೊಗೆಯಾಗಿ ಹೋದ. ನಾಗರಸ ಸಂಕವ್ವನ ಕಾಲಿಗೆ ಬೀಳಲು ಬಂದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ನಡೆದದ್ದನ್ನು ಅರಮನೆಗೆ ಹೋಗಿ ನೀವೇ ಹೇಳಿ ಎಂದಳು. ಅವನು ಹೋಗಿ ಹೇಳಿದ.

ತಲೆಯನ್ನು ಕಳಿಸಿದವನು ತಾನು ಎಂದು ರಾಜನೂ ಎಲ್ಲರೆದುರು ಒಪ್ಪಿಕೊಂಡ. ಕಡವನ್ನು ಸಂಕವ್ವನ ಕೈಗೆ ಕೊಟ್ಟ. ಮದುವೆಯ ಸಾಮಾನು ಹೊಳೆ ಇಳಿಯುವ ತನಕ ಕಾಯಿತು, ಮದುವೆ ತಡವಾದರೂ ಚೆನ್ನಾಗಿ ನಡೆಯಿತು. ಅಂಬಿಗರ ಮನೆಗಳಲ್ಲಿ ಒಲೆ ಉರಿಯಿತು, ಮಕ್ಕಳು ಹುಟ್ಟಿದರು, ಮುದುಕರು ತಮ್ಮ ತಮ್ಮ ಹಾಸಿಗೆಯಲ್ಲೇ ಸತ್ತರು. ಎಲ್ಲರೂ ಸುಖವಾಗಿದ್ದರು. ಸಂಕವ್ವನೂ ಸುಖವಾಗಿದ್ದಳು, ನಾಗರಸನನ್ನು ಮಾತ್ರ ಅವಳು ಕೊನೆಯವರೆಗೂ ಕ್ಷಮಿಸಲಿಲ್ಲ.