ನರಳುವ ವೈಪರ್

ಹನ್ನೆರಡು ವರ್ಷದ ಹಿಂದೆ, ಹಳ್ಳಕೊಳ್ಳ ಒಂದಾದ ಮಳೆಗಾಲದಲ್ಲಿ, ಸರಸಂಬಾದ ಶಾಂತಲಿಂಗಪ್ಪ ಸಾವಕಾರರು ತಮ್ಮ ಡ್ರೈವರ್ ಹುಲೆಪ್ಪನಿಗೆ ಒಂದು ಮಾತು ಕೊಟ್ಟಿದ್ದರು. ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಸಾವಕಾರರ ತಾಯಿಯನ್ನು ಆತ ಕಣ್ಣು ಕಾಣದ ಮಳೆಯಲ್ಲಿ ಆಸ್ಪತ್ರೆ ಮುಟ್ಟಿಸಿದ್ದ. "ನಾ ಇರೋತನ ಈ ಜೀಪಿನ ಕೀಲಿ ನಿನ್ನ ಕೈಯಿಂದ ಇಸಗೊಳ್ಳಂಗಿಲ್ಲ," ಎಂದಿದ್ದರು.

ಆ ಹುಲೆಪ್ಪ ಈಗ ಬರಿಗೈಯಲ್ಲಿ ಆಳಂದಕ್ಕೆ ಬಂದು ಅಜೀಜಾಬಿಯ ಅಂಗಡಿ ಮುಂದೆ ನಿಂತಿದ್ದ. ಅಜೀಜಾಬಿ ಸುಟ್ಟ ಮೋಟರಿಗೆ ತಂತಿ ಸುತ್ತುವವಳು. ಊರಿನ ಬಿಡಿಸಲಾಗದ ಗಂಟುಗಳೂ ಅವಳ ಮೇಜಿಗೇ ಬರುತ್ತಿದ್ದವು. ನಿವೃತ್ತ ಕಂಡಕ್ಟರ್ ಧರ್ಮಣ್ಣ ಹತ್ತು ವರ್ಷದಿಂದ ಪಕ್ಕದ ಸ್ಟೂಲಿನಲ್ಲಿ ಕೂತು, ಅವಳು ಒಂದೊಂದನ್ನೂ ಬಿಡಿಸುವುದನ್ನು ನೋಡುತ್ತ ಬಂದಿದ್ದ.

"ಹೊಸಾ ವೈಪರ್ ಮೋಟರ್ ಮಾರ್ಕೊಂಡು ಗುಜರಿದು ಕೂಡಿಸ್ಯಾನ ಅಂತಾರ್ರಿ ಸಾವಕಾರ್ರು," ಎಂದ ಹುಲೆಪ್ಪ. "ನಾಕು ದಿನದ ಹಿಂದ ಕೀಲಿ ಇಸಗೊಂಡ್ರು. ನೌಕರಿ ಬ್ಯಾರೆ ಸಿಗ್ತದ. ಕಳ್ಳ ಅನ್ನೋ ಹೆಸರು ಹೋಗಂಗಿಲ್ಲ."

"ಮೋಟರ್ ಯಾವಾಗ ಹಾಕಿದಿ?"

"ತಿಂಗಳಾತ್ರಿ. ಹಳೇದು ಕಿರ್ ಅಂತಿತ್ತು. ಹೊಸದೂ ಸಣ್ಣಗ ಕಿರ್ ಅಂತು. ಆಮ್ಯಾಲ ಹತ್ತು ದಿನ ಗಪ್. ಈಗ ಈಯೋ ಎಮ್ಮಿಗತೆ ನರಳಾಕತ್ತದ."

ಅಜೀಜಾಬಿ ಕೈಯಲ್ಲಿದ್ದ ತಂತಿ ಕೆಳಗಿಟ್ಟಳು. "ಸದ್ದು ಯಾಕ ಬಂತು ಅನ್ನೋದು ಆಮ್ಯಾಲ ನೋಡೋಣು. ನಡುವ ಯಾಕ ನಿಂತಿತ್ತು?"

ಮಧ್ಯಾಹ್ನದ ಬಸ್ಸಿಗೆ ಮೂವರೂ ಸರಸಂಬಾಕ್ಕೆ ಹೊರಟರು.

ಸಾವಕಾರರ ಮನೆಯ ಬಾಗಿಲು ಅಂಟಿಕೊಂಡಂತೆ ಬಿಗಿಯಾಗಿತ್ತು. ಧರ್ಮಣ್ಣ ಭುಜ ಕೊಟ್ಟು ನೂಕಬೇಕಾಯಿತು. "ಜೋರ್ಲೆ ನೂಕ್ರಿ, ಅದರ ಚಾಳಿನೇ ಹಂಗ," ಎಂದರು ಒಳಗಿನಿಂದ ಸಾವಕಾರರ ತಾಯಿ ಸುಮಿತ್ರಾಬಾಯಿ. ಅಜೀಜಾಬಿ ಬಾಗಿಲು ತಿರುಗುವ ಬಿಜಾಗರಿಯನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದಳು.

ಜೀಪು ಅಂಗಳದಲ್ಲಿ, ಎಡಮಗ್ಗುಲು ಕಟ್ಟೆಗೆ ಒತ್ತಿ ನಿಂತಿತ್ತು. ಸ್ವಿಚ್ ಹಾಕಿದರೆ ವೈಪರ್ ನರಳುತ್ತ, ತಡವರಿಸುತ್ತ ಏಳುತ್ತಿತ್ತು. ಅಜೀಜಾಬಿ ಮೋಟರಿಗೂ ವೈಪರಿಗೂ ನಡುವಿನ ಸಲಾಕೆಯನ್ನು ಬಿಡಿಸಿ ಮೋಟರನ್ನಷ್ಟೇ ಓಡಿಸಿದಳು. ಅದು ಮೆಲ್ಲಗೆ ಗುಂಯ್ ಎಂದಿತು, ಅಷ್ಟೇ. ಬಳಿಕ ಎರಡೂ ವೈಪರಿನ ಬುಡವನ್ನು ಕೈಯಿಂದ ತಿರುಗಿಸಿದಳು. ಬಲಗಡೆಯದು ಸಲೀಸಾಗಿ ತಿರುಗಿತು. ಎಡಗಡೆಯದು ಜಗ್ಗಲೇ ಇಲ್ಲ. ಅದರ ಸುತ್ತ ಅರೆ ಆರಿದ ಬೆಲ್ಲದ ಪಾಕದಂಥ ಹಳದಿ ಪೊರೆ ಕಟ್ಟಿತ್ತು.

"ಇದೇನವ್ವ, ನಾಡಿ ಹಿಡಿದು ನೋಡಾಕತ್ತಿ?" ಎಂದು ಒಳಗಿನಿಂದ ಬಂದ ಸಾವಕಾರರು ನಕ್ಕರು.

"ಹೌದ್ರಿ. ನೀವು ನಾಡಿ ನೋಡದನ ಹೆಣ ಎತ್ತೀರಿ."

ಅವಳು ಎರಡೂ ಬುಡಗಳನ್ನು ಬಿಚ್ಚಿ ಡೀಸೆಲ್ಲಿನಲ್ಲಿ ತಿಕ್ಕಿ ತೊಳೆದು, ಗ್ರೀಸ್ ತುಂಬಿ ಕೂಡಿಸಿದಳು. ಧರ್ಮಣ್ಣ ಗಾಜಿಗೆ ನೀರು ಹೊಯ್ದ. ವೈಪರ್ ಸದ್ದಿಲ್ಲದೆ ಹೋಗಿ ಬಂತು.

ಸುಮಿತ್ರಾಬಾಯಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ಹಿಂಡಿಯ ಮೇಲೆ ಕುಸುಬಿ ಎಣ್ಣೆ ಹೊಯ್ಯುವಾಗ ಡಬ್ಬಿಯ ಬಾಯಿಗೆ ಹಳದಿ ಪೊರೆ ಕಟ್ಟಿದ್ದು ಧರ್ಮಣ್ಣನ ಕಣ್ಣಿಗೂ ಬಿತ್ತು.

"ಸಾವಕಾರ್ರ, ಮೋಟರಿನ ಪೆಟ್ಟಿಗಿ ತರ್ರಿ," ಎಂದಳು ಅಜೀಜಾಬಿ.

ಗ್ಯಾರಂಟಿಗೆಂದು ಎತ್ತಿಟ್ಟಿದ್ದ ಪೆಟ್ಟಿಗೆ ಬಂತು. ಅದರ ಮೇಲಿನ ನಂಬರನ್ನೂ, ಮೋಟರಿನಿಂದ ತಾನು ಅಂಗೈ ಮೇಲೆ ಬರೆದುಕೊಂಡಿದ್ದ ನಂಬರನ್ನೂ ಅವಳು ಧರ್ಮಣ್ಣನಿಂದ ಓದಿಸಿದಳು. ಎರಡೂ ಒಂದೇ.

"ಕಳುವು ಆಗೇ ಇಲ್ಲ. ಎಡಗಡಿ ಬುಡದಾಗ ಹಳೇ ಗ್ರೀಸ್ ಆರಿತ್ತು, ಅದಕ್ಕ ಕಿರ್ ಅಂತಿತ್ತು. ಹುಲೆಪ್ಪಾ, ನೀನೂ ಹಳೇ ಮೋಟರಿನ ಮ್ಯಾಲ ಸುಳ್ಳೇ ಶಕ್ ಮಾಡಿದಿ." ಹುಲೆಪ್ಪ ತಲೆ ತಗ್ಗಿಸಿದ. "ಆಮ್ಯಾಲ ಯಾರೋ ಎಣ್ಣಿ ಬಿಟ್ರು. ಹತ್ತು ದಿನ ಗಪ್ ಇತ್ತು. ಗ್ರೀಸ್ ಲಗೂನ ಆರಂಗಿಲ್ಲ. ಕುಸುಬಿ ಎಣ್ಣಿ ಗಾಳಿಗೆ ಆರಿ ಅಂಟು ಆಗ್ತದ. ಅದನ್ನ ಎಳೀಲಿಕ್ಕಾಗದ ಮೋಟರ್ ನರಳ್ತು."

"ಹುಲೆಪ್ಪನೇ ಬಿಟ್ಟಿರಬೇಕು," ಎಂದರು ಸಾವಕಾರರು.

"ಅವ ಬಿಟ್ಟಿದ್ರ ಎರಡೂ ಕಡೆ ಬಿಡ್ತಿದ್ದ. ಎಣ್ಣಿ ಇದ್ದದ್ದು ಎಡಕ್ಕಷ್ಟೇ. ಕಟ್ಟಿ ಮ್ಯಾಲ ನಿಂತವರ ಕೈ ಅಷ್ಟಕ್ಕೇ ನಿಲುಕ್ತದ. ಅದೇ ಎಣ್ಣಿ ನಿಮ್ಮ ಬಾಗಿಲಿನ ಬಿಜಾಗರಿಗೂ ಬಿದ್ದದ." ಅಜೀಜಾಬಿ ಅಲ್ಲಿಗೆ ನಿಲ್ಲಿಸಿ ರೊಟ್ಟಿ ಮುರಿದಳು.

ಸುಮಿತ್ರಾಬಾಯಿ ಎಣ್ಣೆ ಡಬ್ಬಿಯನ್ನು ಕೆಳಗಿಟ್ಟರು. "ನಾನೇ ತಮ್ಮಾ. ಬಾಗಿಲು ಕಿರ್ ಅಂದ್ರ ಬಿಡ್ತೇನಿ, ಇದಕ್ಕೂ ಬಿಟ್ಟೆ. ಎಣ್ಣಿ ಬಿಟ್ರ ಕೆಡ್ತದಂತ ಯಾರಿಗೆ ಗೊತ್ತಿತ್ತು? ಅವತ್ತು ಹಿಂದಿನ ಸೀಟಿನ್ಯಾಗ ಮಲಗಿ ಈ ವೈಪರಿನ ಸದ್ದು ಎಣಿಸ್ಕೋತ ಜೀವ ಹಿಡಕೊಂಡಿದ್ದೆ. ಮಳ್ಯಾಗ ಹುಲೆಪ್ಪನಿಗೆ ಗಾಜು ನೆಟ್ಟಗ ಕಾಣಲಿ ಅಂತ ಮಾಡ್ದೆ."

ಸಾವಕಾರರು ತಟ್ಟೆ ಸರಿಸಿದರು. ಆಮೇಲೆ ಎದ್ದು, ಅಂಗಿ ಜೇಬಿನಿಂದ ಕೀಲಿ ತೆಗೆದು ಹುಲೆಪ್ಪನ ಮುಂದೆ ಹಿಡಿದರು. ಅವನು ಎಂಜಲು ಕೈ ತೊಳೆದುಕೊಂಡು ಬಂದು ತೆಗೆದುಕೊಂಡ.

"ಮಳಿ ಮಾಡ ಆಗ್ಯಾದ ಆಯೀ," ಎಂದ ಸುಮಿತ್ರಾಬಾಯಿಗೆ, ಸಾವಕಾರರ ಕಡೆ ನೋಡದೆ. "ಗಾಡಿ ಒಳಗ ಹಚ್ತೇನಿ."

ಕೊಟ್ಟ ಮಾತು ಹನ್ನೆರಡು ವರ್ಷ ಉಳಿದಿತ್ತು. ಕೀಲಿ ತಿರುಗಿ ಬಂದರೂ, ನಾಲ್ಕು ದಿನದ ಹಿಂದೆ ಅದು ಮುರಿದಿತ್ತು.