ಒಂದೂವರೆ ನಕ್ಷತ್ರ

ಐದು ವರ್ಷದ ಕೆಲಸಕ್ಕೆ ಒಂದೂವರೆ ನಕ್ಷತ್ರ. ಪತ್ರಿಕೆಯ ಸಿನಿಮಾ ಪುಟದಲ್ಲಿ, ಚಿತ್ರದ ಹೆಸರಿನ ಕೆಳಗೇ, ಇಡೀ ನಕ್ಷತ್ರ ಒಂದು, ಯಾರೋ ಕಚ್ಚಿ ಉಳಿಸಿದಂಥ ಅರ್ಧ ಇನ್ನೊಂದು. ನಿರ್ದೇಶಕ ಅಷ್ಟನ್ನು ನೋಡಿ ಪತ್ರಿಕೆ ಮಡಚಿಟ್ಟ. ಕೆಳಗಿನ ಬರಹ ಓದಲಿಲ್ಲ. ತೀರ್ಪು ಬಂದ ಮೇಲೆ ವಕೀಲರ ವಾದ ಯಾರಿಗೆ ಬೇಕು?

"ಪೂರ್ತಿ ಓದ್ರೀ, ಅಷ್ಟೇನೂ ಕೆಟ್ಟದಾಗಿ ಬರ್ದಿಲ್ಲ," ಎಂದಳು ಹೆಂಡತಿ.

"ನೀನೇ ಓದ್ಕೋ. ಆಮೇಲೆ ಕಟ್ಟು ಹಾಕ್ಸಿ ಗೋಡೆಗೆ ನೇತುಹಾಕು."

ಸೋಮವಾರಕ್ಕೆ ಚಿತ್ರ ಅರ್ಧಕ್ಕರ್ಧ ಚಿತ್ರಮಂದಿರಗಳಿಂದ ಎತ್ತಂಗಡಿಯಾಯಿತು. ಬುಧವಾರ ನಿರ್ಮಾಪಕ ಫೋನ್ ಮಾಡಿ, ಮುಂದಿನ ಚಿತ್ರವನ್ನು "ಸದ್ಯಕ್ಕೆ" ಬೇರೆಯವರಿಂದ ಮಾಡಿಸುವುದಾಗಿ ಹೇಳಿದ. ಬೇರೆಯವರು ಎಂದರೆ ಆರು ವರ್ಷ ನಿರ್ದೇಶಕನ ಕೈಕೆಳಗೆ ಕ್ಲ್ಯಾಪ್ ಹೊಡೆದ ಶಿಷ್ಯ. ಕ್ಯಾಮೆರಾದ ಯಾವ ತುದಿಯಿಂದ ನೋಡಬೇಕೆಂದು ಅವನಿಗೆ ಹೇಳಿಕೊಟ್ಟವನೇ ಇವನು. ಆಮೇಲೆ ಯಾರೂ ಕರೆಯಲಿಲ್ಲ. ಸಿನಿಮಾ ಮಾಡಲಾಗದವರು ಸಿನಿಮಾ ಕಲಿಸುವ ಒಂದು ಶಾಲೆಯಲ್ಲಿ ವಾರಕ್ಕೊಂದು ಸಂಜೆಯ ಪಾಠ ಸಿಕ್ಕಿತು. ಶುಕ್ರವಾರ ನಾಲ್ಕೂವರೆಯಿಂದ ಏಳರವರೆಗೆ, ಇನ್ನೂರು ವಿದ್ಯಾರ್ಥಿಗಳು, ಅದರಲ್ಲಿ ನೂರೈವತ್ತು ಆಕಳಿಕೆ.

ಇದಕ್ಕೆಲ್ಲ ಕಾರಣನಾದವನನ್ನು ಚಿತ್ರರಂಗದವರು "ಕತ್ತರಿ" ಎಂದು ಕರೆಯುತ್ತಿದ್ದರು. ಅರವತ್ತೆಂಟರ ಒಂಟಿ ಮುದುಕ. ಹತ್ತೊಂಬತ್ತು ವರ್ಷದಿಂದ ಅದೇ ಪತ್ರಿಕೆಗೆ ವಾರವಾರ ಬರೆಯುತ್ತಿದ್ದ. ಜೀವನದಲ್ಲಿ ಒಂದು ದೃಶ್ಯ ಚಿತ್ರೀಕರಿಸಿದವನಲ್ಲ, ಒಬ್ಬ ನಟನಿಗೆ ನೆಟ್ಟಗೆ ನಿಲ್ಲಲು ಹೇಳಿದವನಲ್ಲ. ಅಂಥವನು ಕತ್ತಲಲ್ಲಿ ಕಾಲು ಚಾಚಿ ಕೂತು ಹೊರಗೆ ಬಂದು ಇನ್ನೊಬ್ಬನ ಅನ್ನಕ್ಕೆ ಕಲ್ಲು ಹಾಕಬಹುದು. ಅವನನ್ನು ಕೊಲ್ಲಬೇಕೆಂದು ನಿರ್ದೇಶಕನಿಗೆ ತೋರಿದಾಗ ಕೋಪವೇ ಇರಲಿಲ್ಲ. ಚಿತ್ರಕತೆಯಲ್ಲಿ ಕೆಲಸಕ್ಕೆ ಬಾರದ ಪಾತ್ರವನ್ನು ಹೊಡೆದುಹಾಕುವಾಗಿನ ಸಮಾಧಾನವೇ ಇತ್ತು.

ಮೊದಲು ಅವನು ಕತ್ತರಿಯ ವಿಮರ್ಶೆಗಳನ್ನು ಕಲೆಹಾಕಿದ. ಕೈಗೆ ಸಿಕ್ಕಿದ್ದು, ತನ್ನ ಚಿತ್ರದ್ದೊಂದನ್ನು ಬಿಟ್ಟು, ಇನ್ನೂರ ಹನ್ನೆರಡು. ಒಂದು ತಿಂಗಳು ಓದಿದ ಮೇಲೆ ನಗು ಬಂತು. ಮುದುಕನ ಬಳಿ ಇದ್ದದ್ದು ಮೂರೇ ಅಚ್ಚು. ಕೌಟುಂಬಿಕ ಚಿತ್ರವಾದರೆ ಕಣ್ಣೀರಿಗೆ ಬರವಿಲ್ಲ, ಕತೆಗಿದೆ. ಥ್ರಿಲ್ಲರ್ ಆದರೆ ಕೊಲೆಗಾರ ಯಾರೆಂದು ಪ್ರೇಕ್ಷಕನಿಗೆ ಗೊತ್ತಾದ ಒಂದು ಗಂಟೆಯ ಮೇಲೆ ಪೊಲೀಸರಿಗೆ ಗೊತ್ತಾಗುತ್ತದೆ. ಹೊಡೆದಾಟದ ಚಿತ್ರವಾದರೆ ಮೂಳೆ ಮುರಿದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ನಡುವೆ ಛಾಯಾಗ್ರಹಣಕ್ಕೊಂದು ಶಹಬ್ಬಾಸ್, ಕೊನೆಗೊಂದು ಪ್ರಶ್ನೆ. ಇದನ್ನು ಬರೆಯಲು ವಿಮರ್ಶಕನೇ ಬೇಕೆ? ನಿರ್ದೇಶಕ ಒಂದು ಮಧ್ಯಾಹ್ನ ಕೂತು ನಾಲ್ಕು ವಿಮರ್ಶೆ ಬರೆದ. ನಾಲ್ಕೂ ಕತ್ತರಿಯದಕ್ಕಿಂತ ಚೆನ್ನಾಗಿದ್ದವು. ಬೇಕೆಂದೇ ಸ್ವಲ್ಪ ಕೆಡಿಸಿದ.

ಆಮೇಲೆ ಸ್ನೇಹ. ಒಂದು ದಿನ ಹಣ್ಣು ಹಿಡಿದು ಮುದುಕನ ಮೂರನೆಯ ಮಹಡಿಯ ಮನೆಗೆ ಹೋದ. "ನಿಮ್ಮಂಥವರ ಮಾತಿನಿಂದಲೇ ಸರ್ ನಾವು ತಿದ್ಕೋಬೇಕಾದ್ದು," ಎಂದ. ಈ ಮಾತಿಗೆ ಮರುಳಾಗದ ವಿಮರ್ಶಕ ಇನ್ನೂ ಹುಟ್ಟಿಲ್ಲ.

"ನಾನು ಬರೆದದ್ದು ಓದಿದ್ರಾ?" ಮುದುಕ ಸಂಕೋಚದಿಂದ ಕೇಳಿದ.

"ಬಾಯಿಪಾಠ ಆಗಿದೆ ಸರ್."

ನಕ್ಷತ್ರದ ಮಾತನ್ನು ಮಾತ್ರ ಎತ್ತಲಿಲ್ಲ. ಅದನ್ನು ಎತ್ತಿದರೆ ತಾನು ಭಿಕ್ಷುಕನಾಗುತ್ತೇನೆಂದು ಅವನಿಗೆ ಅನ್ನಿಸಿತ್ತು.

ಆರು ತಿಂಗಳಲ್ಲಿ ಎಲ್ಲ ತಿಳಿಯಿತು. ಶುಕ್ರವಾರ ಬೆಳಗಿನ ಆಟ ನೋಡಿ ಮುದುಕ ಒಂದು ಗಂಟೆಗೆ ಮನೆಗೆ ಬರುತ್ತಾನೆ. ಮೂರರ ಮೇಲೆ ಬರೆಯಲು ಕೂರುತ್ತಾನೆ. ಐದರ ಆಸುಪಾಸಿಗೆ ಪತ್ರಿಕೆಯ ಉಪಸಂಪಾದಕನಿಗೆ ಇಮೇಲ್ ಹೋಗುತ್ತದೆ, ಭಾನುವಾರ ಅಚ್ಚಾಗುತ್ತದೆ. ಮನೆಗೆಲಸದಾಕೆ ಬರುವುದು ಬೆಳಿಗ್ಗೆ ಮಾತ್ರ. ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ಮುದುಕ ಇವನನ್ನೇ ಕರೆದು ರಿಪೇರಿ ಮಾಡಿಸುತ್ತಿದ್ದ. ಹೀಗಾಗಿ ಕೀಲಿಮಣೆಯ ಮೇಲೆ ಬೆರಳಚ್ಚು ಇದ್ದರೂ ಯಾರೂ ಹುಬ್ಬೇರಿಸುವಂತಿರಲಿಲ್ಲ.

ಥ್ರಿಲ್ಲರ್‌ಗಳಲ್ಲಿ ಕೊಲೆಗಾರರು ಸಿಕ್ಕಿಬೀಳುವುದು ಅಡಗುವುದರಿಂದ. ಮುಸುಕು, ಹಿಂಬಾಗಿಲು, ಕೈಗವಸು, ಎಲ್ಲ ಮೂರು ಕಾಸಿನ ಬುದ್ಧಿ. ತಾನು ಮುಂಬಾಗಿಲಿನಿಂದಲೇ ಹೋಗುತ್ತೇನೆ, ಕಾವಲಿನವನ ಪುಸ್ತಕದಲ್ಲಿ ಹೆಸರು ಬರೆಯುತ್ತೇನೆ, ಎರಡೂಕಾಲಿಗೆ ಅವನಿಗೆ ಕೈಬೀಸಿ ಹೊರಡುತ್ತೇನೆ. ಕತ್ತರಿ ಮಾತ್ರ ಐದು ಹತ್ತಕ್ಕೆ ತನ್ನ ವಿಮರ್ಶೆ ಕಳಿಸುತ್ತಾನೆ. ಆ ಹೊತ್ತಿಗೆ ತಾನು ಇನ್ನೂರು ಜನರ ಎದುರು ವೇದಿಕೆಯ ಮೇಲೆ. ಸತ್ತ ಹೊತ್ತನ್ನು ಗಡಿಯಾರ ನೋಡಿದ ಹಾಗೆ ಹೇಳುವ ವೈದ್ಯರಿರುವುದು ಸಿನಿಮಾದಲ್ಲಷ್ಟೇ. ಇದನ್ನು ನಿರ್ದೇಶಕನ ಒಂದು ಚಿತ್ರಕ್ಕೆ ಸಲಹೆ ಕೊಟ್ಟ ವೈದ್ಯರೇ ಹೇಳಿದ್ದರು. ಮುದುಕ ಬದುಕಿದ್ದನೆಂಬುದಕ್ಕೆ ಅವನ ಗದ್ಯವೇ ಸಾಕ್ಷಿ.

ಕಾದದ್ದು ಶಿಷ್ಯನ ಚಿತ್ರಕ್ಕೆ. ಹೊಡೆದಾಟದ ಚಿತ್ರ. ಗುರುವಾರದ ವಿಶೇಷ ಆಟಕ್ಕೆ ಶಿಷ್ಯನೇ ಕರೆದಿದ್ದ, ಕಾಲಿಗೂ ಬಿದ್ದ. ನಿರ್ದೇಶಕ ನೋಡಿದ. ಎರಡೂವರೆ ಗಂಟೆ ಗಾಜು ಒಡೆಯಿತು. ಮನೆಗೆ ಬಂದು ವಿಮರ್ಶೆ ಬರೆದ. ಬರೆಯುತ್ತಾ ಹೋದಂತೆ ಅದು ಕೊಲೆಗಿಂತ ಹಿತವಾಗತೊಡಗಿತು. "ಮೂಳೆ ಮುರಿದ ಸದ್ದು ನಿಂತಾಗಲೆಲ್ಲ ಚಿತ್ರಕ್ಕೆ ಹೇಳಲು ಏನೂ ಇಲ್ಲವೆಂಬುದು ಕೇಳಿಸುತ್ತದೆ." ಇಂಥ ವಾಕ್ಯ ಕತ್ತರಿಯ ಹತ್ತೊಂಬತ್ತು ವರ್ಷದಲ್ಲಿ ಬಂದಿದೆಯೆ? ಕೊನೆಯಲ್ಲಿ ಮೇಲಕ್ಕೆ ಹೋಗಿ, ಹೆಸರಿನ ಕೆಳಗೆ, ಒಂದು ನಕ್ಷತ್ರ ಕೊಟ್ಟ. ತನಗಿಂತ ಅರ್ಧ ಕಡಿಮೆ. ಗುರುವಿಗಿಂತ ಶಿಷ್ಯ ಒಂದು ಮೆಟ್ಟಿಲು ಕೆಳಗಿರಬೇಕಾದ್ದು ನ್ಯಾಯವೇ.

ಶುಕ್ರವಾರ ಒಂದೂವರೆಗೆ ಮುದುಕ ಬಾಗಿಲು ತೆರೆದ. ಮುಖ ಗೆಲುವಾಗಿತ್ತು.

"ನಿಮ್ಮ ಶಿಷ್ಯನ ಚಿತ್ರ ನೋಡ್ಕೊಂಡು ಬಂದೆ. ಪರವಾಗಿಲ್ಲ ಕಣ್ರೀ. ಗಲಾಟೆ ಜಾಸ್ತಿ, ಆದ್ರೆ ಹುಡುಗ ಕಷ್ಟಪಟ್ಟಿದ್ದಾನೆ. ನಿಮ್ಮ ಕೈ ಕಾಣುತ್ತೆ ಅಲ್ಲಲ್ಲಿ."

ನಿರ್ದೇಶಕನಿಗೆ ಹೇಸಿಗೆಯಾಯಿತು. ಒಂದು ಅಭಿಪ್ರಾಯವನ್ನೂ ನೆಟ್ಟಗೆ ಇಟ್ಟುಕೊಳ್ಳಲು ಬಾರದ ಮನುಷ್ಯ! ತನ್ನ ಜೇಬಿನಲ್ಲಿದ್ದ ವಿಮರ್ಶೆಯೇ ಇವನಿಗಿಂತ ಇವನಿಗೆ ನಿಷ್ಠವಾಗಿದೆ. ಪಾಠಕ್ಕೆಂದು ಹಳೆಯ ಸಿನಿಮಾ ಪತ್ರಿಕೆಗಳನ್ನು ಕೇಳಿದ. ಅವು ಸೂರಿನ ಕೆಳಗಿನ ಅಟ್ಟದಲ್ಲಿದ್ದವು. "ನಾನು ಹತ್ತುತ್ತೀನಿ ಬಿಡಿ ಸರ್," ಎಂದು ಬಾಯಿಮಾತಿಗೆ ಹೇಳಿದ. "ಬೇಡ ಬೇಡ, ನಿಮಗೆ ಸಿಗಲ್ಲ," ಎಂದು ಮುದುಕ ತಾನೇ ಏಣಿ ಹತ್ತಿದ. ಮೇಲಿನಿಂದ ಎರಡನೆಯ ಮೆಟ್ಟಿಲಲ್ಲಿ ನಿಂತು ಎರಡೂ ಕೈಯಲ್ಲಿ ಕಟ್ಟು ಹಿಡಿದುಕೊಂಡಾಗ ನಿರ್ದೇಶಕ ಏಣಿಯ ಬುಡವನ್ನು ಜೋರಾಗಿ ಎಳೆದ. ಕೆಳಗಿದ್ದದ್ದು ಕಲ್ಲಿನ ನೆಲ. ಎರಡನೆಯ ಸಲ ಏನೂ ಮಾಡಬೇಕಾಗಲಿಲ್ಲ.

ಕಂಪ್ಯೂಟರ್ ತೆರೆದೇ ಇತ್ತು. ಜೇಬಿನ ಪೆನ್‌ಡ್ರೈವ್‌ನಿಂದ ವಿಮರ್ಶೆಯನ್ನು ಮುದುಕನ ಇಮೇಲ್‌ಗೆ ಹಾಕಿ, ಉಪಸಂಪಾದಕನ ವಿಳಾಸ ಕೊಟ್ಟು, ಐದು ಹತ್ತಕ್ಕೆ ತಾನಾಗಿ ಹೋಗುವಂತೆ ಹೊತ್ತು ಗೊತ್ತುಮಾಡಿದ. ಮುದುಕ ಹಿಂದೆ ಕಳಿಸಿದ ಪತ್ರಗಳನ್ನು ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ಅಚ್ಚಾದ ಇನ್ನೂರ ಹನ್ನೆರಡು ಅವನ ತಲೆಯಲ್ಲೇ ಇದ್ದವು. ಎರಡೂಕಾಲಿಗೆ ಕಾವಲಿನವನಿಗೆ ಕೈಬೀಸಿದ. ಐದು ಹತ್ತಕ್ಕೆ ವಿದ್ಯಾರ್ಥಿಗಳಿಗೆ, ಒಳ್ಳೆಯ ಚಿತ್ರಕತೆಯಲ್ಲಿ ಎಳೆದರೆ ಬಿಚ್ಚಿಕೊಳ್ಳುವ ದಾರ ಇರಬಾರದು ಎಂದು ಪಾಠ ಹೇಳುತ್ತಿದ್ದ.

ಶನಿವಾರ ಬೆಳಿಗ್ಗೆ ಮನೆಗೆಲಸದಾಕೆ ಕಿರುಚಿಕೊಂಡಳು. ಮಧ್ಯಾಹ್ನ ಠಾಣೆಯಿಂದ ಕರೆ ಬಂತು. ಇನ್‌ಸ್ಪೆಕ್ಟರ್ ಸಣ್ಣ ದನಿಯ ಮನುಷ್ಯ, ತೆರೆಯ ಮೇಲೆ ಇಂಥವನನ್ನು ಹಾಕಿದರೆ ಯಾರೂ ನಂಬುವುದಿಲ್ಲ. ಮೂಲೆಯಲ್ಲಿ ಪತ್ರಿಕೆಯ ಉಪಸಂಪಾದಕ ಒಂದು ಹಾಳೆ ಹಿಡಿದು ಕೂತಿದ್ದ, ಕಣ್ಣು ಕೆಂಪಾಗಿತ್ತು.

"ನೀವು ಎರಡೂಕಾಲಿಗೆ ಹೊರಟಿದ್ದೀರಿ. ಅವರು ಐದು ಹತ್ತಕ್ಕೆ ವಿಮರ್ಶೆ ಕಳಿಸಿದ್ದಾರೆ. ಹಾಗಾಗಿ ನಿಮ್ಮನ್ನ ಕರೆಸಿದ್ದು ಸುಮ್ನೆ ಶಾಸ್ತ್ರಕ್ಕೆ," ಎಂದರು ಇನ್‌ಸ್ಪೆಕ್ಟರ್.

"ಕೊನೇ ಗಳಿಗೆವರೆಗೂ ಕೆಲಸ ಮಾಡಿದ್ರಲ್ಲ ಸರ್, ಅದೇ ದೊಡ್ಡದು," ಎಂದ ನಿರ್ದೇಶಕ. ದನಿ ಎಷ್ಟು ಬೇಕೋ ಅಷ್ಟೇ ನಡುಗಿತು.

"ಇದು ಅವರು ಬರೆದದ್ದಲ್ಲ," ಎಂದ ಉಪಸಂಪಾದಕ.

ನಿರ್ದೇಶಕ ಕರುಣೆಯಿಂದ ಅವನ ಕಡೆ ತಿರುಗಿದ. "ಶೈಲಿ ಅವರದೇ ಅಲ್ವಾ?"

"ಶೈಲಿ ಅವರದೇ ಸರ್, ಅದಕ್ಕೇ ನಿನ್ನೆ ನಾನೂ ಸುಮ್ಮನಾದೆ. ಆದ್ರೆ ಮೇಲ್ಗಡೆ ನಕ್ಷತ್ರ ಹಾಕಿದೆ ನೋಡಿ. ಹತ್ತೊಂಬತ್ತು ವರ್ಷದಲ್ಲಿ ಅವರು ಒಂದೇ ಒಂದು ಚಿತ್ರಕ್ಕೂ ನಕ್ಷತ್ರ ಕೊಟ್ಟೋರಲ್ಲ. ಸಿನಿಮಾ ಏನು ತರಕಾರಿನಾ ತೂಕ ಹಾಕೋಕೆ, ಅಂತ ಬೈತಿದ್ರು. ಪುಟ ಕಟ್ಟುವಾಗ ಅದನ್ನ ಹಾಕೋದು ನಾನು. ಎಷ್ಟೋ ಸಲ ಒಳಗೇನಿದೆ ಅಂತ ಓದೋಕೂ ಪುರುಸೊತ್ತು ಇರಲ್ಲ." ಇನ್‌ಸ್ಪೆಕ್ಟರ್ ಕಾವಲಿನವನ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ಅವರ ಬೆರಳು ಶುಕ್ರವಾರದ ಪುಟದಲ್ಲಿ ಕೆಳಗಿನಿಂದ ಮೇಲಕ್ಕೆ ಸರಿದು, ಮೂರನೆಯ ಮಹಡಿಗೆ ಬಂದಿದ್ದ ಒಂದೇ ಒಂದು ಹೆಸರಿನ ಮೇಲೆ ನಿಂತಿತು. ನಿರ್ದೇಶಕ ಆ ಬೆರಳನ್ನು ನೋಡಲಿಲ್ಲ. "ಹಾಗಾದ್ರೆ ನನ್ನ ಚಿತ್ರಕ್ಕೆ ಒಂದೂವರೆ ಕೊಟ್ಟದ್ದು?" ಎಂದು ಕೇಳಿದ. ಉಪಸಂಪಾದಕ ತಲೆ ತಗ್ಗಿಸಿದ. "ನಾನೇ ಸರ್. ಅವತ್ತು ನನಗೆ ಹಲ್ಲುನೋವು ಜಾಸ್ತಿ ಇತ್ತು."